ಬನ್ನಿಯ ಬಂಗಾರ

ವಿಜಯದಶಮಿಯ ಸಂಜೆ ವಾಶಿಯ ಕನ್ನಡಿಗರಲ್ಲಿ ಬನ್ನಿಯೆಂದು ಕೈಯಿಂದ ಕೈಗೆ ಸಾಗುವ ಎಲೆ ಬಹುಮಟ್ಟಿಗೆ ಬನ್ನಿಯದಲ್ಲ. ಮರಾಠಿಯಲ್ಲಿ ಆಪಟಾ ಎನಿಸುವ, ತುದಿ ಇಬ್ಭಾಗವಾದ ಅಶ್ಮಂತಕದ್ದು. ಬಯಲುಸೀಮೆಯ ಒಣನೆಲದ ಶಮೀವೃಕ್ಷ ಕೊಂಕಣದ ಮಳೆಸೀಮೆಯಲ್ಲಿ ದುರ್ಲಭ. ಶಮಿಯಿಲ್ಲದೆಡೆ ಅಶ್ಮಂತಕವನ್ನು ಪೂಜಿಸಬಹುದೆಂದು 18ನೆಯ ಶತಮಾನದ ‘ಧರ್ಮಸಿಂಧು’ವೇ ಅನುಮತಿಯಿತ್ತಿರುವುದರಿಂದ, ಇದನ್ನು ವಲಸೆಯಿಂದಾದ ಆಚಾರಲೋಪವೆಂದು ಎಣಿಸಬೇಕಾಗಿಲ್ಲ.

ಎಲೆ ಬಂಗಾರವಾದ ಬಗೆ ಇನ್ನೂ ಕುತೂಹಲಕರ. ಗುರುದಕ್ಷಿಣೆಗಾಗಿ 14 ಕೋಟಿ ಹೊನ್ನು ಬೇಡಿಬಂದ ಕೌತ್ಸನ ಸಲುವಾಗಿ ರಘುಮಹಾರಾಜನು ಕುಬೇರನ ಮೇಲೆ ದಂಡೆತ್ತಲು ಅಣಿಯಾಗಲು, ಆ ರಾತ್ರಿಯೇ ಶಮಿಯ ಮೇಲೆ ಚಿನ್ನದ ಮಳೆ ಸುರಿಯಿತೆಂದು ಪ್ರತೀತಿ. ಆದರೆ ಕಾಳಿದಾಸನ ‘ರಘುವಂಶ’ದ 5ನೆಯ ಸರ್ಗದಲ್ಲಿ ಆ ಮಳೆ ಬಿದ್ದುದು ಅರಸನ ಕೋಶಗೃಹದೊಳಗೆ, ಅಲ್ಲಿ ಮರದ ಸುಳಿವೇ ಇಲ್ಲ. ಇತ್ತ ಮಹಾಭಾರತದ ವಿರಾಟಪರ್ವದಲ್ಲಿ ಮರವಿದೆ, ಚಿನ್ನವಿಲ್ಲ. ಪಾಂಡವರು ಸ್ಮಶಾನದ ಬಳಿಯ ಶಮಿಯಲ್ಲಿ ಆಯುಧಗಳನ್ನಿರಿಸಿ, ಯಾರೂ ಸಮೀಪಿಸದಂತೆ ಶವವೊಂದನ್ನು ಕಟ್ಟಿದರು. ಹಬ್ಬದ ದಿನ ಕಥೆ ಹೇಳುವವರು ಈ ಶವದ ಮಾತನ್ನು ಮರೆಯುವುದು ಸಹಜವೇ.

ಆಯುಧದ ಮರಕ್ಕೆ ಹೊನ್ನಿನ ಮಳೆಯನ್ನು ಬೆಸೆದುದು ಜನರ ಬಾಯಿಗತೆ. ಉತ್ತರ ಕರ್ನಾಟಕದಲ್ಲಿ ಕಿರಿಯರು ಹಿರಿಯರಿಗೆ ಬನ್ನಿಯಿತ್ತು ನಮಸ್ಕರಿಸುವುದಕ್ಕೂ, ಮಹಾರಾಷ್ಟ್ರದವರು ಆಪಟೆಯನ್ನೇ ಚಿನ್ನವೆಂದು ಹಂಚುವುದಕ್ಕೂ ಈ ಬೆಸುಗೆಯೇ ಆಧಾರವೆಂದು ತೋರುತ್ತದೆ. ಮೈಸೂರಿನಲ್ಲಿ ಬನ್ನಿಮಂಟಪದತ್ತ ಸಾಗುವ ಜಂಬೂಸವಾರಿಯಲ್ಲಿ ಮಾತ್ರ ಹಳೆಯ ಆಯುಧದ ನೆನಪೇ ಮುಂದಾಗಿದೆ.