ಪ್ರಮಾಣಪತ್ರವೋ, ಮಾಡಿದ ಕೆಲಸವೋ?

ಊರಿನಿಂದ ಮುಂಬಯಿಗೆ ಕೆಲಸ ಹುಡುಕಿ ಬರುವ ತರುಣರ ಪ್ರಶ್ನೆಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಹಿಂದೆ ಟೈಪಿಂಗ್, ಶಾರ್ಟ್‌ಹ್ಯಾಂಡ್ ಪರೀಕ್ಷೆಗಳ ಮಾತಿತ್ತು. ಈಗ ವೆಬ್ ಡಿಸೈನ್, ಅಂದರೆ ಜಾಲತಾಣ ವಿನ್ಯಾಸದ ಮಾತು. ತರಬೇತಿ ಸಂಸ್ಥೆಗೆ ಹಣ ತೆತ್ತು ಸರ್ಟಿಫಿಕೇಟು ಪಡೆಯಬೇಕೇ, ಅಥವಾ ತಾವೇ ನಾಲ್ಕಾರು ತಾಣಗಳನ್ನು ರೂಪಿಸಿ ತೋರಿಸಿದರೆ ಸಾಕೇ? ಸಾಲ ಮಾಡಿ ಶುಲ್ಕ ಕಟ್ಟುವ ತಂದೆ ತಾಯಿಗಳಿಗೆ ಇದು ಸಣ್ಣ ಪ್ರಶ್ನೆಯಲ್ಲ. ಪ್ರಶ್ನೆ ಹೊಸದೆಂದು ತೋರಿದರೂ ಈ ನಗರದಲ್ಲಿ ಅದಕ್ಕೊಂದು ಹಳೆಯ ಇತಿಹಾಸವಿದೆ.

ಮುಂಬಯಿಯ ಸರ್ ಜೆ.ಜೆ. ಕಲಾಶಾಲೆ ಆರಂಭವಾದುದು 1857ರಲ್ಲಿ. ಜಾಹೀರಾತು, ಭಿತ್ತಿಪತ್ರ, ಪುಸ್ತಕದ ಹೊದಿಕೆ ಮೊದಲಾದವುಗಳಿಗೆ ಚಿತ್ರ ಬರೆಯುವ ವಾಣಿಜ್ಯ ಕಲೆಯ ವಿಭಾಗವನ್ನು ಅಲ್ಲಿ 1935ರಲ್ಲಿ ತೆರೆದರು. ಇಂದಿನ ಜಾಲತಾಣ ವಿನ್ಯಾಸಕಾರನು ಆ ವಾಣಿಜ್ಯ ಕಲಾವಿದನ ವಾರಸುದಾರನೇ ಸರಿ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಇದೇ ಕಲಾಶಾಲೆಯಿಂದ 1938ರಲ್ಲಿ ಡಿಪ್ಲೊಮಾ ಪಡೆದರು. ಮುಂದೆ ಅಲ್ಲಿಯೇ ಅಧ್ಯಾಪಕರೂ ಆದರು. ಹಳ್ಳಿಯಿಂದ ಬಂದ, ನಗರದಲ್ಲಿ ಪರಿಚಯದ ಬಲವಿಲ್ಲದ ಹುಡುಗನಿಗೆ ಶಾಲೆಯೂ ಅದು ಕೊಡುವ ಪತ್ರವೂ ಎಷ್ಟು ದೊಡ್ಡ ಆಸರೆ ಎಂಬುದನ್ನು ನಾವು ಮರೆಯಬಾರದು.

ಇದೇ ಶಾಲೆಯ ಇನ್ನೊಂದು ಪ್ರಸಂಗವೂ ಪ್ರಸಿದ್ಧವೇ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಹೈಸ್ಕೂಲು ಮುಗಿಸಿ ಪ್ರವೇಶಕ್ಕೆ ಅರ್ಜಿ ಹಾಕಿದರು. ಅವರ ಚಿತ್ರಗಳಲ್ಲಿ ಪ್ರವೇಶಕ್ಕೆ ಬೇಕಾದ ಪ್ರತಿಭೆ ಕಾಣುವುದಿಲ್ಲವೆಂದು ಉತ್ತರ ಬಂತು. ಲಕ್ಷ್ಮಣ್ ಮೈಸೂರಿನಲ್ಲಿಯೇ ಬಿ.ಎ. ಓದಿದರು. ಅಣ್ಣ ಆರ್.ಕೆ. ನಾರಾಯಣರ ಕಥೆಗಳಿಗೆ 'ದಿ ಹಿಂದೂ' ಪತ್ರಿಕೆಯಲ್ಲಿ ಚಿತ್ರ ಬರೆದರು. ಕನ್ನಡದ 'ಕೊರವಂಜಿ'ಗೂ ಬರೆದರು. ಬಳಿಕ ಮುಂಬಯಿಗೆ ಬಂದು 'ಫ್ರೀ ಪ್ರೆಸ್ ಜರ್ನಲ್', ಅನಂತರ 'ಟೈಮ್ಸ್ ಆಫ್ ಇಂಡಿಯಾ' ಸೇರಿದರು. 1951ರಿಂದ ಅವರ 'ಸಾಮಾನ್ಯ ಮನುಷ್ಯ' ಲಕ್ಷಾಂತರ ಓದುಗರ ಬೆಳಗಿನ ಸಂಗಾತಿಯಾದ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ 'ಸರ್ಟಿಫಿಕೇಟು ಬೇಡ' ಎಂಬಲ್ಲಿಗೆ ನಿಲ್ಲಿಸುತ್ತಾರೆ. ಆದರೆ ನಾವು ಒಂದನ್ನು ಗಮನಿಸಬೇಕು: ಶಾಲೆ ತಿರಸ್ಕರಿಸಿದ್ದೂ ಚಿತ್ರಗಳನ್ನು ನೋಡಿಯೇ! ಕೆಲಸದ ಮಾದರಿಗಳನ್ನು ತೋರಿಸಿದ ಮಾತ್ರಕ್ಕೆ ನ್ಯಾಯ ಸಿಕ್ಕೀತೆಂಬ ಭರವಸೆ ಅಂದೂ ಇರಲಿಲ್ಲ. ಲಕ್ಷ್ಮಣರನ್ನು ಕಾಪಾಡಿದ್ದು ಅಚ್ಚಾದ ಕೆಲಸ. ಸಂಪಾದಕರಿಗೆ ಬೇಕಾದಾಗ, ಗೊತ್ತಾದ ಗಡುವಿನೊಳಗೆ, ಓದುಗರಿಗಾಗಿ ಮಾಡಿಕೊಟ್ಟ ಕೆಲಸ.

ವಿಶ್ವವ್ಯಾಪಿ ಜಾಲದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ 1989ರಲ್ಲಿ ಇದರ ಯೋಜನೆಯನ್ನು ಮುಂದಿಟ್ಟ ಟಿಮ್ ಬರ್ನರ್ಸ್-ಲೀ ಭೌತವಿಜ್ಞಾನದ ಪದವೀಧರರು. ಆಗ ಜಾಲತಾಣ ವಿನ್ಯಾಸಕ್ಕೆ ಪ್ರಮಾಣಪತ್ರ ಕೊಡುವವರಾದರೂ ಯಾರಿದ್ದರು? ಮೊದಲ ತಲೆಮಾರಿನವರು ಒಬ್ಬರ ಪುಟದ ಸಂಕೇತಗಳನ್ನು ಇನ್ನೊಬ್ಬರು ತೆರೆದು ನೋಡಿ ಕಲಿತರು. 2003ರಲ್ಲಿ ಕೆನಡಾದ ಡೇವ್ ಶೇ 'ಸಿಎಸ್ಎಸ್ ಝೆನ್ ಗಾರ್ಡನ್' ಎಂಬ ತಾಣವನ್ನು ತೆರೆದರು. ಪುಟದ ಬರಹ ಒಂದೇ. ವಿನ್ಯಾಸ ಮಾತ್ರ ಕಳುಹಿಸಿದವರವರ ಕೈಚಳಕ. ಅಲ್ಲಿ ಯಾರ ಪದವಿಯನ್ನೂ ಕೇಳಲಿಲ್ಲ, ಕೆಲಸ ಕಣ್ಣೆದುರಿಗೇ ಇತ್ತು.

ನಮ್ಮ ದೇಶದಲ್ಲಿ ಸಾಮಾನ್ಯ ಜನರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ಎನ್‌ಐಐಟಿ 1981ರಲ್ಲಿ, ಆಪ್ಟೆಕ್ 1986ರಲ್ಲಿ ಆಗಲೇ ಹುಟ್ಟಿದ್ದವು. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇಂಥ ತರಗತಿಗಳು ಯಂತ್ರವನ್ನು ಮುಟ್ಟುವ ಅವಕಾಶವನ್ನಾದರೂ ಕೊಟ್ಟವು. ಅರ್ಜಿಗಳ ರಾಶಿಯನ್ನು ಬೇಗ ಕಡಿಮೆ ಮಾಡಬೇಕಾದ ಕಚೇರಿಗಳಿಗೂ ಕೆಲಸದ ಗುಣವನ್ನು ತಾವೇ ಅಳೆಯಲಾರದ ಕಡೆಗೂ ಕಾಗದವೊಂದು ಬೇಕಾಗುತ್ತದೆ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಪ್ರಮಾಣಪತ್ರದ ಬೆಲೆ ಅದರ ಹಿಂದಿನ ಕಲಿಕೆಯಲ್ಲಿದೆ. ಹೆಬ್ಬಾರರಿಗೆ ಸಿಕ್ಕಂಥ ಗುರುಗಳೂ ಅಭ್ಯಾಸವೂ ಸಿಗುವುದಾದರೆ ಹಣ ಕಟ್ಟಬಹುದು, ಬರಿಯ ಕಾಗದಕ್ಕಾಗಿ ಸಾಲ ಮಾಡಬಾರದು. ಈ ಕಸುಬಿನಲ್ಲಿ ಕೆಲಸ ಗಳಿಸಿಕೊಡುವುದು ಹೆಚ್ಚಾಗಿ ಮಾಡಿ ತೋರಿಸಿದ ಕೆಲಸವೇ. ಅದೂ ಮನಸ್ಸಿಗೆ ತೋಚಿದಂತೆ ಮಾಡಿಟ್ಟ ಅಂದದ ಪುಟಗಳಲ್ಲ. ಪರಿಚಿತರ ಅಂಗಡಿಗೋ, ಬಡಾವಣೆಯ ಶಾಲೆಗೋ, ನಮ್ಮಂಥ ಸಂಘಗಳಿಗೋ ಮಾಡಿಕೊಟ್ಟು, ಅವರು ದಿನವೂ ಬಳಸುವಂಥದು. ಅಂಥ ಕೆಲಸವನ್ನು ತರುಣರ ಕೈಗೆ ಮೊದಲು ಕೊಡಬೇಕಾದವರು ನಾವೇ ಅಲ್ಲವೇ? 'ಕೊರವಂಜಿ' ಒಬ್ಬ ಕಾಲೇಜು ಹುಡುಗನಿಗೆ ತನ್ನ ಪುಟಗಳನ್ನು ತೆರೆದುಕೊಟ್ಟಿತ್ತೆಂಬುದನ್ನು ಸಂಘಸಂಸ್ಥೆಗಳು ನೆನಪಿಟ್ಟರೆ ಒಳ್ಳೆಯದು.