ಕದಲದ ಫಾಸ್ಟ್, ಓಡುವ ಫಾಸ್ಟ್

ಸೀರೆ ಅಂಗಡಿಯವರು ‘ಇದು ಫಾಸ್ಟ್ ಕಲರ್, ಎಷ್ಟು ಒಗೆದರೂ ಬಣ್ಣ ಬಿಡಲ್ಲ’ ಎಂದು ಭರವಸೆ ಕೊಡುತ್ತಾರೆ. ಫಾಸ್ಟ್ ಎಂದರೆ ವೇಗ ಎಂದಷ್ಟೇ ಬಲ್ಲವರಿಗೆ ನಿಜಕ್ಕೂ ದಿಗಿಲಾಗಬೇಕು. ಆದರೆ ಪದದ ಮೂಲ ಅರ್ಥ ಉಳಿದಿರುವುದು ಅಂಗಡಿಯವರ ಬಾಯಲ್ಲೇ. ಹಳೆಯ ಇಂಗ್ಲಿಷಿನಲ್ಲಿ ಇದು ಗುಣವಾಚಕ. ಗಟ್ಟಿಯಾದ, ಕದಲದ ಎಂದರ್ಥ. ವಿಮಾನದಲ್ಲಿ ಸೀಟ್ ಬೆಲ್ಟ್ ‘ಫಾಸನ್’ ಮಾಡಿ ಎನ್ನುವ ಕ್ರಿಯಾಪದ, ಬೆಟ್ಟದ ದುರ್ಗಕ್ಕೆ ಹೇಳುವ ‘ಫಾಸ್ಟ್‌ನೆಸ್’ ಎಂಬ ನಾಮಪದ, ನಿಂತ ನೆಲ ಬಿಡದವನನ್ನು ಬಣ್ಣಿಸುವ ‘ಸ್ಟೆಡ್‌ಫಾಸ್ಟ್’ ಎಲ್ಲವೂ ಇದೇ ಮನೆತನ.

ಕದಲದ್ದು ಓಡತೊಡಗಿದ್ದು ಹೇಗೆ? ದಾರಿ ತೆರೆದದ್ದು ಕ್ರಿಯಾವಿಶೇಷಣ. ಹಳೆಯ ಇಂಗ್ಲಿಷಿನಲ್ಲಿ ಗುಣವಾಚಕದ ತುದಿಗೆ ಒಂದು ‘ಎ’ ಹಚ್ಚಿದರೆ ಸಾಕು, ಅದು ಕ್ರಿಯಾವಿಶೇಷಣ. ನಮ್ಮ ‘ಆಗಿ’ ಮಾಡುವ ಕೆಲಸವನ್ನೇ ಅದು ಮಾಡುತ್ತಿತ್ತು. ಹಿಡಿಯುವ, ಕಟ್ಟುವ ಮಾತಿನ ಜೊತೆ ಬಂದರೆ ‘ಬಿಗಿಯಾಗಿ’. ಹೊಡೆಯುವ, ಕಾದಾಡುವ ಮಾತಿನ ಜೊತೆ ‘ಬಲವಾಗಿ’. ಓಟದ ಜೊತೆ ಸೇರಿದಾಗ? ಬಲ ಹಾಕಿ ಓಡುವವನು ಬೇಗ ಓಡದೆ ಇನ್ನೇನು ಮಾಡುತ್ತಾನೆ! ಮಧ್ಯಕಾಲದ ಇಂಗ್ಲಿಷಿನಲ್ಲೇ ಕ್ರಿಯಾವಿಶೇಷಣಕ್ಕೆ ವೇಗ ಅಂಟಿತು; ಗುಣವಾಚಕಕ್ಕೆ ಅದು ದಾಟಿದ್ದು 16ನೆಯ ಶತಮಾನದ ಹೊತ್ತಿಗೆ.

ಇದನ್ನು ನಂಬಲು ನಮಗೆ ಕಷ್ಟವಾಗಬಾರದು. ಪಾರಸಿಯಿಂದ ಬಂದ ‘ಜೋರು’ ಮೂಲದಲ್ಲಿ ಶಕ್ತಿ; ನಾವು ಜೋರಾಗಿ ಹೊಡೆಯುತ್ತೇವೆ, ಜೋರಾಗಿ ಓಡುತ್ತೇವೆ. ‘ಗಟ್ಟಿ’ ಬೇರೆ ದಿಕ್ಕು ಹಿಡಿಯಿತು. ಗಟ್ಟಿಯಾಗಿ ಓದು ಎಂದರೆ ಯಾವ ಮಗುವೂ ಪುಸ್ತಕವನ್ನು ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ.

ಆಮೇಲೆ ಆ ‘ಎ’ ಸವೆದು ಹೋಯಿತು. ಗುಣವಾಚಕವೂ ಕ್ರಿಯಾವಿಶೇಷಣವೂ ಒಂದೇ ರೂಪ ತಾಳಿದವು. ನಮ್ಮಲ್ಲಿ ಅನೇಕರು ‘ಫಾಸ್ಟ್‌ಲಿ’ ಎನ್ನುತ್ತಾರೆ, ಮೇಷ್ಟ್ರು ಗೆರೆ ಎಳೆಯುತ್ತಾರೆ. ತರ್ಕ ಮಾತ್ರ ವಿದ್ಯಾರ್ಥಿಯ ಕಡೆಗಿದೆ ಎಂದೇ ನನ್ನ ಅಭಿಪ್ರಾಯ. ‘ಹಾರ್ಡ್’ ಪದದಲ್ಲಿ ಈ ಸಲಿಗೆ ಅಪಾಯಕಾರಿ: ಅದಕ್ಕೆ ‘ಲಿ’ ಹಚ್ಚಿದರೆ ಕಷ್ಟಪಟ್ಟು ದುಡಿದವನು ದುಡಿಯಲೇ ಇಲ್ಲ ಎಂದಾಗಿಬಿಡುತ್ತದೆ.

ಉಪವಾಸದ ‘ಫಾಸ್ಟ್’ ಕೂಡ ಹೊರಗಿನದಲ್ಲ. 4ನೆಯ ಶತಮಾನದಲ್ಲಿ ವುಲ್ಫಿಲಾ ಬೈಬಲನ್ನು ತಂದ ಗಾಥಿಕ್ ಭಾಷೆಯಲ್ಲಿ ‘ಫಾಸ್ತಾನ್’ ಎಂದರೆ ಕಾಯುವುದು, ಪಾಲಿಸುವುದು, ಉಪವಾಸವಿರುವುದು. ನಾವು ವ್ರತ ಹಿಡಿಯುತ್ತೇವಲ್ಲ, ಹಾಗೆ. ರಾತ್ರಿಯ ಆ ಉಪವಾಸ ಮುರಿಯುವುದರಿಂದ ಬೆಳಗಿನ ತಿಂಡಿ ‘ಬ್ರೇಕ್‌ಫಾಸ್ಟ್’. ಜರ್ಮನ್ನಿನಲ್ಲೂ ಉಪವಾಸಕ್ಕೆ ‘ಫಾಸ್ಟೆನ್’ ಎಂದೇ ಹೆಸರು; ಅಲ್ಲಿ ‘ಫೆಸ್ಟ್’ ಗಟ್ಟಿಯಾಗಿಯೇ ಉಳಿದಿದೆ. ಅದರ ಜೋಡಿ ಕ್ರಿಯಾವಿಶೇಷಣ ‘ಫಾಸ್ಟ್’ ಮಾತ್ರ ಇನ್ನೆಲ್ಲೋ ಜಾರಿ ‘ಹೆಚ್ಚುಕಡಿಮೆ’ ಎಂಬ ಅರ್ಥಕ್ಕೆ ಬಂದು ನಿಂತಿದೆ.

ಎಲ್ಲಕ್ಕಿಂತ ತಮಾಷೆಯದು ‘ಶೇಮ್‌ಫಾಸ್ಟ್’. ನಾಚಿಕೆ ಬಿಗಿಹಿಡಿದ, ಸಂಕೋಚದ ಮನುಷ್ಯ ಎಂದು ಅದರ ಅರ್ಥ. ಹಳೆಯ ‘ಫಾಸ್ಟ್’ ಮರೆತ ಕಿವಿಗಳು ಅದನ್ನು ‘ಫೇಸ್ಡ್’ ಎಂದು ಕೇಳಿಸಿಕೊಂಡವು. ಇಂದಿನ ನಿಘಂಟುಗಳಲ್ಲಿ ಬಳಕೆಯ ಪದವಾಗಿ ಇರುವುದು ‘ಶೇಮ್‌ಫೇಸ್ಡ್’, ಮುಖ ಕೆಂಪಾದ ಅರ್ಥದೊಂದಿಗೆ.