ವಕೀಲ ವೃತ್ತಿಗೆ ಬಯೋಡೇಟಾ ಮತ್ತು ಕವರಿಂಗ್ ಲೆಟರ್

ಕಾನೂನು ಪದವಿ ಮುಗಿಸಿ ಹಿರಿಯ ವಕೀಲರ ಕಛೇರಿ ಸೇರಬಯಸುವ ನಮ್ಮ ಯುವಜನರ ಬಯೋಡೇಟಾ ಎರಡು ಪುಟ ಮೀರುವುದು ಬೇಡ. ಎಲ್‌ಎಲ್‌.ಬಿ. ಪಾಸಾದ ಮಾತ್ರಕ್ಕೆ ‘ಅಡ್ವೊಕೇಟ್’ ಎಂದು ಬರೆದುಕೊಳ್ಳುವಂತಿಲ್ಲ. 1961ರ ವಕೀಲರ ಕಾಯ್ದೆಯಂತೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರೇ ವಕೀಲರು. ಆದುದರಿಂದ ನೋಂದಣಿ ಸಂಖ್ಯೆ, ದಿನಾಂಕ ಮೊದಲು ಬರಲಿ. ಅಖಿಲ ಭಾರತ ಬಾರ್ ಪರೀಕ್ಷೆ ಬಾಕಿಯಿದ್ದರೆ ಬಾಕಿಯೆಂದೇ ಬರೆಯಿರಿ.

‘ಇಂಟರ್ನ್‌ಶಿಪ್ ಮಾಡಿದ್ದೇನೆ’ ಎಂದರೆ ಓದುವವರಿಗೆ ಏನೂ ತಿಳಿಯದು. ‘ಆರು ವಾರ, ಎರಡು ಪಾಲು ದಾವೆಗಳಲ್ಲಿ ಲಿಖಿತ ಹೇಳಿಕೆಯ ಕರಡು, ಒಂದು ಚೆಕ್ ಬೌನ್ಸ್ ಪ್ರಕರಣಕ್ಕೆ ಹಳೆಯ ತೀರ್ಪುಗಳ ಹುಡುಕಾಟ’ ಎಂದರೆ ತಿಳಿಯುತ್ತದೆ. ಆದರೆ ಕಕ್ಷಿದಾರರ ಹೆಸರು ಬೇಡ. ಕಕ್ಷಿದಾರರು ವಕೀಲರಲ್ಲಿ ಹೇಳಿಕೊಂಡದ್ದನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹದಂತೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ತಡೆಯುತ್ತದೆ. ಅದು ಕಛೇರಿಯ ನೌಕರರಿಗೂ ಅನ್ವಯ. ಮಾದರಿಗೆಂದು ಕರಡು ಲಗತ್ತಿಸುವುದಾದರೆ ಹೆಸರು, ಊರು, ಸರ್ವೆ ನಂಬರು ಅಳಿಸಿಬಿಡಿ. ಜಾಗದ ತಕರಾರು ಯಾರದೆಂದು ಊಹಿಸಲು ನಮ್ಮೂರಿನವರಿಗೆ ಸರ್ವೆ ನಂಬರೊಂದೇ ಸಾಕು!

ಭಾಷೆಗಳ ಸಾಲನ್ನು ಹಲವರು ಕೊನೆಗೆ ತಳ್ಳುತ್ತಾರೆ. ಕಕ್ಷಿದಾರರು ತುಳು, ಕೊಂಕಣಿ, ಬ್ಯಾರಿಯಲ್ಲಿ ಕಷ್ಟ ಹೇಳಿಕೊಳ್ಳುವ ಕರಾವಳಿಯಲ್ಲಿ ಅದು ಮೇಲಿರಬೇಕು. ಮಾತನಾಡಬಲ್ಲ ಭಾಷೆ ಯಾವುದು, ಕರಡು ಬರೆಯಬಲ್ಲ ಭಾಷೆ ಯಾವುದು ಎಂದು ಬೇರೆಯಾಗಿ ತಿಳಿಸಿರಿ.

ಕವರಿಂಗ್ ಲೆಟರ್ ಒಂದೇ ಪುಟ, ಆ ವಕೀಲರ ಹೆಸರಿಗೇ ಇರಲಿ. ಸಿವಿಲ್, ಕೌಟುಂಬಿಕ, ಕಾರ್ಮಿಕ ವ್ಯಾಜ್ಯಗಳಲ್ಲಿ ಯಾವುದನ್ನು ಕಲಿಯಲು ಅವರ ಕಛೇರಿಗೇ ಬರುತ್ತಿದ್ದೀರಿ ಎಂಬುದನ್ನು ಎರಡು ವಾಕ್ಯದಲ್ಲಿ ಹೇಳಿ. ಐ.ಸಿ.ವೈ.ಎಮ್. ಪದಾಧಿಕಾರಿ ಎಂದಷ್ಟೇ ಬರೆದರೆ ಸಾಲದು. ಚರ್ಚಿನ ಕಾನೂನು ನೆರವು ಶಿಬಿರದಲ್ಲಿ ವಿಧವಾ ವೇತನದ ಅರ್ಜಿ ಬರೆದುಕೊಟ್ಟಿದ್ದರೆ ಅದನ್ನು ಬರೆಯಿರಿ. ಧರ್ಮಗುರುಗಳ ನಡತೆ ಪತ್ರವನ್ನು ಕೇಳಿದರೆ ಮಾತ್ರ ಲಗತ್ತಿಸಿರಿ.